ಬೆರಳಿಗೇ ತಿಳಿಯಬೇಕು

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ಸಾಗರದಲ್ಲಿ ಮಳೆ ಇನ್ನೂ ಬಿಟ್ಟಿಲ್ಲ.

ಮೊನ್ನೆ ಶಿವಮೊಗ್ಗದ ಹಾಸ್ಟೆಲಿನಿಂದ ಫೋನ್ ಮಾಡಿದಾಗ ನೀನು ಹೇಳಿದ್ದು ತಲೆಯಲ್ಲೇ ಕೂತಿದೆ. ಮೊಬೈಲಿನಲ್ಲಿ ವ್ಯಕ್ತಿತ್ವದ ಪರೀಕ್ಷೆ ಮಾಡಿಕೊಂಡೆ, ಅಂತರ್ಮುಖಿ ಅಂತ ಬಂತು, ಅದಕ್ಕೇ ಕ್ಲಾಸಿನಲ್ಲಿ ಎದ್ದುನಿಂತು ಕೇಳೋದು ನನ್ನಿಂದಾಗಲ್ಲ ಅಂದೆಯಲ್ಲ.

ಹೋದ ಬೇಸಿಗೆ ನೀನೂ ನಿಮ್ಮಕ್ಕನೂ ನನ್ನ ಹತ್ತಿರ ನಮ್ಮ ಕಡೆಯ ಗೋಡೆ ಚಿತ್ರ, ಹಸೆ ಚಿತ್ತಾರ ಕಲಿಯೋಕೆ ಕೂತಿದ್ದು ನೆನಪು ಮಾಡಿಕೋ. ಅವಳು ಮೊದಲ ದಿನವೇ ಪುಂಡಿನಾರಿನ ಕುಂಚ ಕಿತ್ತುಕೊಂಡಳು. ಗೆರೆ ಸೊಟ್ಟ, ಒರೆಸಿದಳು, ಮತ್ತೆ ಎಳೆದಳು. ಬಾಯಿ ಮಾತ್ರ ನಿಲ್ಲಲಿಲ್ಲ, "ಹಿಂಗಾ ದೊಡ್ಡಮ್ಮಾ, ಹಂಗಾ?" ನೀನು ಮೂರು ದಿನ ಗೋಡೆಗೆ ಒರಗಿ ನನ್ನ ಕೈಯನ್ನೇ ನೋಡಿದೆ. ನಾಲ್ಕನೇ ದಿನ ಕುಂಚ ಹಿಡಿದಾಗ ಮೊದಲ ಎಳೆಯೇ ದಾರ ಕಟ್ಟಿದ ಹಾಗೆ ನೇರ. ನನಗೆಷ್ಟು ಖುಷಿಯಾಯಿತು ಗೊತ್ತಾ! ಆದರೆ ಎರಡನೇ ಎಳೆಯಲ್ಲಿ ಅಕ್ಕಿಹಿಟ್ಟಿನ ಬಿಳಿ ಕೆಮ್ಮಣ್ಣಿನ ಮೇಲೆ ಸೋರಿಕೊಂಡು ಇಳಿಯಿತು. ಕುಂಚಕ್ಕೆ ಎಷ್ಟು ಬಿಳಿ ಹಿಡಿಯಬೇಕು ಅನ್ನೋದು ಕಣ್ಣಿಗೆ ಕಾಣುವುದಿಲ್ಲ ಮಗಾ, ಅದು ಬೆರಳಿಗೇ ತಿಳಿಯಬೇಕು. ಯಾಕೆ ಸೋರಿತು ಅಂತ ನೀನು ಕೇಳಲಿಲ್ಲ. ನಾನು ಪಕ್ಕದಲ್ಲಿದ್ದೆ, ಕಂಡಿತು, ಹೇಳಿದೆ. ಅಷ್ಟು ಮಕ್ಕಳ ನಡುವೆ ನಿನ್ನ ಬಿಳಿ ಸೋರಿದ್ದು ಲೆಕ್ಚರರಿಗೆ ಹೇಗೆ ಕಾಣಬೇಕು? ಮೂವತ್ತು ವರ್ಷ ಪಾಠ ಮಾಡಿದವಳು ಹೇಳ್ತಿದ್ದೇನೆ, ಕಾಣುವುದಿಲ್ಲ. ಸುಮ್ಮನೆ ಕೂತ ಮಗುವಿಗೆ ಅರ್ಥವಾಗಿದೆ ಅಂದುಕೊಂಡು ನಾನೇ ಎಷ್ಟೋ ಸಲ ಮುಂದಿನ ಪಾಠಕ್ಕೆ ಹೋಗಿದ್ದೇನೆ. ಅದು ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಅಂತರ್ಮುಖಿ, ಬಹಿರ್ಮುಖಿ ಅನ್ನೋ ವಿಂಗಡಣೆಯನ್ನು 1921ರಲ್ಲಿ ವಿಸ್ತಾರವಾಗಿ ಬರೆದವರು ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್. ಎರಡೂ ಎಲ್ಲರಲ್ಲೂ ಇರುತ್ತವೆ, ಒಂದರ ಕೈ ಮೇಲಾಗಿರುತ್ತದೆ ಅಷ್ಟೇ ಅಂತ ಅವರೇ ಹೇಳಿದ್ದಾರೆ. ನಿನ್ನ ಸ್ವಭಾವ ಬದಲಾಗಲಿ ಅಂತ ನಾನು ಹೇಳುತ್ತಿಲ್ಲ. ನೋಡಿ ನೋಡಿ ಮನಸ್ಸಿಗೆ ಇಳಿಸಿಕೊಳ್ಳುವುದು ನಿನ್ನ ಶಕ್ತಿ. ಎಲ್ಲರೆದುರು ಆಗದಿದ್ದರೆ ಚೀಟಿಯಲ್ಲಿ ಬರೆದುಕೊಂಡು ಸ್ಟಾಫ್ ರೂಮಿಗೆ ಹೋಗು. ಆದರೆ ಕೇಳು.

ಇನ್ನೊಂದು ಮಾತು. ಓದಿದ್ದನ್ನೇ ಮತ್ತೆ ಮತ್ತೆ ಓದಬೇಡ, ಪುಸ್ತಕ ಮುಚ್ಚಿಟ್ಟು ನೆನಪಿನಿಂದ ಬರೆದು ನೋಡು. 2006ರಲ್ಲಿ ಅಮೆರಿಕದ ರೋಡಿಗರ್, ಕಾರ್ಪಿಕಿ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು ಇದನ್ನು ವಿದ್ಯಾರ್ಥಿಗಳಿಂದ ಮಾಡಿಸಿ ನೋಡಿದಾಗ, ವಾರ ಕಳೆದ ಮೇಲೆ ಹೆಚ್ಚು ನೆನಪಿದ್ದದ್ದು ಹೀಗೆ ಮಾಡಿದವರಿಗೇ. ವಾಚಾಳಿ ನಿಮ್ಮಕ್ಕನಿಗೂ ಇದನ್ನೇ ಹೇಳಿದ್ದೇನೆ.

ಭೂಮಿ ಹುಣ್ಣಿಮೆಗೆ ಬಾ. ಹಬ್ಬದ ಬುಟ್ಟಿಗೆ ಕೆಮ್ಮಣ್ಣು ಬಳಿದು ಒಣಗಿಸಿ ಇಟ್ಟಿರುತ್ತೇನೆ, ಈ ಸಲ ಎಳೆ ನೀನೇ ಎಳಿ.

ನಿನ್ನ ದೊಡ್ಡಮ್ಮ