ನೀಲಿ ಮರಳಿ ಬಂದ ಮೇಲೆ

38 ವರ್ಷ ಬಯಲಿನಲ್ಲಿ ಈಸೆಲ್ ಊರಿಕೊಂಡು ಬರೆದ ನಿಸರ್ಗಚಿತ್ರಗಳಲ್ಲಿ ಆಯ್ದ 64ರ ಪ್ರದರ್ಶನ ನಿನ್ನೆ ಸಂಜೆಗೆ ಮುಗಿಯಿತು. ಬಂದು ನೋಡಿದವರಿಗೆಲ್ಲ ಅಲ್ಲಿಯೇ ಕೈಮುಗಿದಿದ್ದೇನೆ. ಆದರೆ ಈ ಪ್ರದರ್ಶನ ನಡೆಯಲು ಕಾರಣರಾದ ಕೆಲವರ ಋಣವನ್ನು ಬರೆದೇ ಹೇಳಬೇಕಾಗಿದೆ, ಏಕೆಂದರೆ ಬಾಯಲ್ಲಿ ಹೇಳಲು ಹೊರಟರೆ ನನ್ನ ಮಾತು ಅರ್ಧಕ್ಕೇ ನಿಂತು ಮೋಡ, ಬಿಸಿಲುಗಳ ಕಡೆಗೆ ತಿರುಗಿಬಿಡುತ್ತದೆ.

ಮೊದಲ ವಂದನೆ ನನ್ನ ಬಳಿ ಆರು ವರ್ಷ ಕಲಿತ ವಿದ್ಯಾರ್ಥಿನಿಗೆ. ಮುಂಜಾನೆಯ ಮಂಜಿನಲ್ಲಿ ನಾನು ಬರೆದ ಕೆರೆಯ ಚಿತ್ರವೊಂದನ್ನು ಬಹಳ ಹೊತ್ತು ನೋಡಿದ ಆಕೆ, ಇದು ಸೂರ್ಯಾಸ್ತವೇ ಎಂದು ಕೇಳಿದಳು. ನಾನು ಮುನಿಸಿಕೊಂಡು ಎರಡು ದಿನ ಮಾತು ಬಿಟ್ಟೆ. ಮೂರನೆಯ ದಿನ ಆಕೆ ರಟ್ಟಿನ ತುಂಡೊಂದರ ಮೇಲೆ ಎರಡು ಪಟ್ಟಿ ಬಳಿದು ತಂದು ನನ್ನ ಮುಂದೆ ಹಿಡಿದಳು. ಒಂದು ಟ್ಯೂಬಿನಿಂದ ನೇರವಾಗಿ ಹಿಂಡಿದ ಅಲ್ಟ್ರಾಮರೀನ್ ನೀಲಿ, ಇನ್ನೊಂದು ಅಪ್ಪಟ ಕಪ್ಪು. ಯಾವುದು ಯಾವುದೆಂದು ನನಗೆ ತಿಳಿಯಲಿಲ್ಲ. ನನ್ನ ಪೆಟ್ಟಿಗೆಯಲ್ಲಿ ಕಪ್ಪಿನ ಟ್ಯೂಬೇ ಇಲ್ಲದ್ದರಿಂದ ಆಕೆ ಅದನ್ನು ಬೇರೆಯವರಿಂದ ಬೇಡಿ ತರಬೇಕಾಯಿತೆಂಬುದು ಆಮೇಲೆ ಗೊತ್ತಾಯಿತು.

ಬಯಲಿನ ಬೆಳಕು ಬದಲಾಗುವುದನ್ನು ಬಣ್ಣದಲ್ಲಿ ಹಿಡಿಯಲೆತ್ನಿಸಿದ ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ಚಿತ್ರಕಾರರಾದ ಇಂಪ್ರೆಷನಿಸ್ಟರ ಹಾದಿ ಹಿಡಿದವನಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ನೆರಳೆಂದರೆ ಬೆಳಕಿಲ್ಲದ ಕಪ್ಪು ಜಾಗವಲ್ಲ, ಅದು ಆಕಾಶದ ನೀಲಿಯನ್ನು ಹೊದ್ದ ಜಾಗ ಎಂಬುದೇ ಆ ಹಾದಿಯ ಮೊದಲ ಪಾಠ. ಅಕ್ಕಪಕ್ಕದ ಬಣ್ಣಗಳು ಪರಸ್ಪರರ ಛಾಯೆಯನ್ನು ಬದಲಿಸುತ್ತವೆ ಎಂದು ರಸಾಯನಶಾಸ್ತ್ರಜ್ಞ ಶೆವ್ರೊಲ್ 1839ರಲ್ಲಿ ವಿವರಿಸಿದ್ದರು. 1890-91ರಲ್ಲಿ ಹುಲ್ಲುಬಣವೆಗಳ ಸರಣಿ ಬರೆದ, ಅವರಲ್ಲೊಬ್ಬರಾದ ಕ್ಲೋದ್ ಮೊನೆ, ಹಿಮದ ಮೇಲೆ ಬಿದ್ದ ನೆರಳನ್ನು ನೀಲಿ, ನೇರಳೆಗಳಲ್ಲೇ ಕಟ್ಟಿ ತೋರಿಸಿದರು. ಅದನ್ನೇ ನಂಬಿ ಬದುಕಿದ ನಾನು, ನೀಲಿಯನ್ನೇ ಕಾಣದ ಕಣ್ಣಿನಿಂದ ಐದು ವರ್ಷ ನೆರಳು ಬರೆಯುತ್ತಿದ್ದೆ.

ನನ್ನ ಬಲಗಣ್ಣಿನ ಪೊರೆಗೆ ಶಸ್ತ್ರಚಿಕಿತ್ಸೆ ಮಾಡಿದ ನೇತ್ರವೈದ್ಯರಿಗೆ ನನ್ನ ಎರಡನೆಯ ವಂದನೆ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟಿ ನೀಲಿ ಬೆಳಕನ್ನು ಒಳಗೆ ಬಿಡದೆ ತಡೆಯುತ್ತದೆಂದೂ, ಬದಲಾವಣೆ ಬಹಳ ನಿಧಾನವಾಗಿ ಆಗುವುದರಿಂದ ರೋಗಿಗೇ ಅದರ ಅರಿವಾಗುವುದಿಲ್ಲವೆಂದೂ ಅವರು ಅವಸರವಿಲ್ಲದೆ ವಿವರಿಸಿದರು. ಮೊನೆಯ ಕಥೆ ಅವರಿಗೂ ಗೊತ್ತಿತ್ತು. 1912ರಲ್ಲೇ ಕಣ್ಣಿನ ಪೊರೆ ಪತ್ತೆಯಾದರೂ ಹೆದರಿ ಮುಂದೂಡುತ್ತ ಬಂದ ಮೊನೆ, ಟ್ಯೂಬಿನ ಮೇಲಿನ ಹೆಸರನ್ನೂ ಪ್ಯಾಲೆಟ್ಟಿನಲ್ಲಿ ಬಣ್ಣಗಳ ಕ್ರಮವನ್ನೂ ನೆಚ್ಚಿಕೊಂಡು ಚಿತ್ರ ಬರೆದರು. ಕೊನೆಗೆ ಗೆಳೆಯ, ಫ್ರಾನ್ಸಿನ ಮಾಜಿ ಪ್ರಧಾನಿ ಕ್ಲೆಮಾನ್ಸೊ ಅವರ ಒತ್ತಾಯಕ್ಕೆ ಮಣಿದು 1923ರಲ್ಲಿ, ತಮ್ಮ 82ನೆಯ ವಯಸ್ಸಿನಲ್ಲಿ, ಬಲಗಣ್ಣನ್ನು ಶಸ್ತ್ರಕ್ಕೆ ಒಪ್ಪಿಸಿದರು. ಆ ಕಾಲದಲ್ಲಿ ಮಸೂರವನ್ನು ತೆಗೆದರೆ ಅದರ ಜಾಗಕ್ಕೆ ಇನ್ನೊಂದನ್ನು ಕೂರಿಸುವ ವಿದ್ಯೆ ಇರಲಿಲ್ಲ. ದಪ್ಪ ಕನ್ನಡಕವೇ ಗತಿ. ನನ್ನ ಶಸ್ತ್ರಚಿಕಿತ್ಸೆ ಅರ್ಧ ಗಂಟೆಯೊಳಗೆ ಮುಗಿಯಿತು. ಅಂಜಿ ಕುಳಿತ ಒಂದೂವರೆ ವರ್ಷ ಮಾತ್ರ ನನ್ನದೇ ತಪ್ಪು.

ಮರುದಿನ ಬೆಳಿಗ್ಗೆ ಕಟ್ಟು ಬಿಚ್ಚಿದಾಗ ಎದುರಿನ ಬಿಳಿ ಗೋಡೆ ನನಗೆ ತಿಳಿನೀಲಿಯಾಗಿ ಕಂಡಿತು. ಬಲಗಣ್ಣು ಮುಚ್ಚಿ ಎಡಗಣ್ಣಿನಲ್ಲಿ ನೋಡಿದರೆ ಅದೇ ಗೋಡೆ ಹಳೆಯ ದಫ್ತರದ ಕಾಗದದಂತೆ ಹಳದಿ. ಹೀಗೆ ಒಂದೊಂದೇ ಕಣ್ಣು ಮುಚ್ಚಿ ತೆರೆಯುತ್ತ ಕುಳಿತಿದ್ದವನನ್ನು ಕಂಡು ದಾದಿಗೆ ಗಾಬರಿಯಾಗಿರಬೇಕು.

ಮನೆಗೆ ಬಂದು ಆ ಐದು ವರ್ಷಗಳ ಕ್ಯಾನ್ವಾಸುಗಳನ್ನು ಗೋಡೆಗೆ ಒರಗಿಸಿ ನೋಡಿದ ದಿನವನ್ನು ನೆನೆಯುವುದು ಇಂದಿಗೂ ಕಷ್ಟ. ನೀರಿನ ಮೇಲೆ ತುಕ್ಕು ಹಿಡಿದಂತೆ ಕಂದು, ಮಂಜಿನಲ್ಲಿ ಮಣ್ಣಿನ ಕೆಂಪು. ಬಣ್ಣ ಕೆರೆಯುವ ಚಾಕು ಹಿಡಿದು ಕೂತೆ. ಎರಡು ಚಿತ್ರಗಳನ್ನು ಕೆರೆದೂಬಿಟ್ಟೆ. ಮೊನೆ ಕೂಡ ತಮಗೆ ಒಪ್ಪಿಗೆಯಾಗದ ಎಷ್ಟೋ ಕ್ಯಾನ್ವಾಸುಗಳನ್ನು ತಾವೇ ನಾಶಮಾಡಿದವರೆಂಬುದು ಆ ಹೊತ್ತಿಗೆ ನನಗೊಂದು ನೆಪವಾಗಿ ಒದಗಿತು. ನನ್ನ ಚಿತ್ರಗಳಿಗೆ ಇಪ್ಪತ್ತು ವರ್ಷಗಳಿಂದ ಚೌಕಟ್ಟು ಹಾಕುತ್ತಿರುವ ಬಡಗಿ ಮಿತ್ರ ಅಂದು ಬಂದವನು ಏನೂ ವಾದಿಸದೆ, ಚೌಕಟ್ಟಿನ ಅಳತೆ ತೆಗೆಯಬೇಕೆಂದು ಹೇಳಿ ಉಳಿದ ಹನ್ನೊಂದನ್ನೂ ಹೊತ್ತುಕೊಂಡು ಹೋದ. ನಾಲ್ಕು ತಿಂಗಳಾದರೂ ಆ ಅಳತೆ ಮುಗಿಯಲಿಲ್ಲ. ಪ್ರದರ್ಶನದ ಎಡಗೋಡೆಯ ಮೇಲಿದ್ದ ಹನ್ನೊಂದು ಕಂದು ಚಿತ್ರಗಳು ಅವೇ. ಜನ ಹೆಚ್ಚು ಹೊತ್ತು ನಿಂತದ್ದೂ ಅವುಗಳ ಮುಂದೆಯೇ ಎಂದು ಒಪ್ಪಿಕೊಳ್ಳಲು ನನಗೆ ಸ್ವಲ್ಪ ಹೊಟ್ಟೆಕಿಚ್ಚು.

ಧೂಳಿಗೆ ಹೋಗಬಾರದೆಂದು ವೈದ್ಯರು ಕಟ್ಟಿಹಾಕಿದ್ದ ವಾರಗಳಲ್ಲಿ, ಎತ್ತರದ ಕಿಟಕಿಯಿದ್ದ ತಮ್ಮ ಮಾಳಿಗೆಯ ಕೋಣೆಯನ್ನು ಬಿಟ್ಟುಕೊಟ್ಟ ಪರಿಚಿತರಿಗೂ ನಾನು ಋಣಿ. ಬಿಡದೆ ಕಾಡಿದ ಕಣ್ಣಿನ ಸೋಂಕಿನಿಂದ ಬಯಲು ಬಿಟ್ಟ ಇಂಪ್ರೆಷನಿಸ್ಟ್ ಚಿತ್ರಕಾರ ಪಿಸಾರೊ, 1897ರಲ್ಲಿ ಪ್ಯಾರಿಸ್ಸಿನ ಅಗಲ ಬೀದಿಯಾದ ಮೊಂಮಾರ್ತ್ರ್ ಬೂಲೆವಾರ್ಡನ್ನು ಹೋಟೆಲ್ಲಿನ ಕಿಟಕಿಯಿಂದಲೇ ಮಳೆ, ಮಂಜು, ರಾತ್ರಿಗಳಲ್ಲಿ ಮತ್ತೆ ಮತ್ತೆ ಬರೆದದ್ದು ಅಲ್ಲಿ ಕುಳಿತಾಗಲೇ ನನಗೆ ಸರಿಯಾಗಿ ಅರ್ಥವಾಯಿತು. ಮೇಲಿನಿಂದ ನೋಡಿದಾಗ ಮರದ ನೆರಳು ನೆಲಕ್ಕೆ ಅಂಟಿಕೊಂಡಿರುವುದಿಲ್ಲ, ಹರಡಿದ ಬಟ್ಟೆಯಂತೆ ಹಗುರಾಗಿರುತ್ತದೆ.

ಹತ್ತಿರ ಹೋದರೆ ಬರೀ ಬಣ್ಣದ ಗುಡ್ಡೆ, ಕೆಲಸ ಮುಗಿದಿಲ್ಲ ಎಂದು ಅಭಿಪ್ರಾಯದ ಪುಸ್ತಕದಲ್ಲಿ ಬರೆದವರಿಗೂ ಧನ್ಯವಾದ. 1874ರಲ್ಲಿ ಮೊನೆಯ ಬಂದರಿನ ಸೂರ್ಯೋದಯದ ಚಿತ್ರವನ್ನು ಕಂಡ ವಿಮರ್ಶಕ ಲೂಯಿ ಲೆರ್ವಾ, ಅರೆಬೆಂದ ಗೋಡೆಕಾಗದವಾದರೂ ಇದಕ್ಕಿಂತ ಪೂರ್ಣವಾಗಿರುತ್ತದೆ ಎಂದು ಗೇಲಿ ಮಾಡಿದ್ದರು. ಆ ಸಾಲಿನಲ್ಲಿ ನಿಲ್ಲುವ ಯೋಗ್ಯತೆ ನನಗಿಲ್ಲದಿದ್ದರೂ ಬೈಗುಳದ ಮಟ್ಟಿಗೆ ಪಾಲು ಸಿಕ್ಕಿತು.

ಎಡಗಣ್ಣಿನ ಶಸ್ತ್ರಚಿಕಿತ್ಸೆ ಮುಂದಿನ ತಿಂಗಳು. ಅಲ್ಲಿಯವರೆಗೆ ದಿನವೂ ಬೆಳಿಗ್ಗೆ ಅದೇ ಕೆರೆಯ ದಡದಲ್ಲಿ ಎರಡು ಕ್ಯಾನ್ವಾಸು ಇಟ್ಟುಕೊಂಡು, ಒಂದನ್ನು ಬಲಗಣ್ಣಿನಿಂದ, ಇನ್ನೊಂದನ್ನು ಎಡಗಣ್ಣಿನಿಂದ ಬರೆಯುತ್ತಿದ್ದೇನೆ. ಮುಚ್ಚಬೇಕಾದ ಕಣ್ಣಿಗೆ ಬಟ್ಟೆ ಕಟ್ಟಿ, ಟ್ಯೂಬುಗಳ ಹೆಸರನ್ನು ಓದಿ ಹೇಳುವ ಕೆಲಸ ಆ ವಿದ್ಯಾರ್ಥಿನಿಯದು. ಅವಳ ಪೆಟ್ಟಿಗೆಯಲ್ಲಿ ಕಪ್ಪಿನ ಟ್ಯೂಬು ಇನ್ನೂ ಇದೆ.