ಸಣ್ಣ ಸವಾರಿಗೂ ಗದ್ದ ಕಾಯುವ ಹೆಲ್ಮೆಟ್ ಇರಲಿ

ಮಾನ್ಯ ಸಂಪಾದಕರೇ,

ಚಿಕ್ಕಮಗಳೂರಿನ ಕಾಫಿ ತೋಟದ ದಾರಿಗಳಲ್ಲಿ ಸೈಕಲ್ ಹೊಡೆಯುವ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಓದಿ ಖುಷಿಯಾಯಿತು. ಆದರೆ ಅದರಲ್ಲಿನ ಒಂದು ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಬಾಯಿ ಗದ್ದಗಳ ಮುಂದೆಯೂ ಗಟ್ಟಿ ಪಟ್ಟಿ ಇರುವ ಫುಲ್ ಫೇಸ್ ಹೆಲ್ಮೆಟ್ ಏನಿದ್ದರೂ ರೇಸ್‌ನವರಿಗೆ, ಸುಮ್ನೆ ಒಂದು ಸುತ್ತು ಹೋಗಿಬರುವವರಿಗೆ ಮಾಮೂಲಿ ಹೆಲ್ಮೆಟ್ ಸಾಕು ಎಂದು ಬರೆದಿದ್ದಾರೆ. ನಾನು ಈ ಊರಿನಲ್ಲಿ ಹಲ್ಲಿನ ಡಾಕ್ಟರ್. ರಜೆಯ ದಿನ ನಾನೂ ಮೌಂಟನ್ ಬೈಕ್ ಹತ್ತಿ ಕೈಮರದ ಕಡೆ ಹೋಗುತ್ತೇನೆ. ಸೈಕಲ್‌ನಿಂದ ಬಿದ್ದು ನನ್ನ ಕ್ಲಿನಿಕ್ಕಿಗೆ ಬರುವವರಲ್ಲಿ ರೇಸ್‌ನವರು ಯಾರೂ ಇರುವುದಿಲ್ಲ. ಎಲ್ಲರೂ ಸುಮ್ನೆ ಒಂದು ಸುತ್ತು ಹೋದವರೇ.

ಅವರು ಬೀಳುವುದು ಜೋರಾಗಿ ಹೋಗಿಯೂ ಅಲ್ಲ. ತೋಟದ ಇಳಿಜಾರಿನಲ್ಲಿ ಸಿಲ್ವರ್ ಓಕ್ ಎಲೆ ಒದ್ದೆಯಾಗಿ ಹಾಸಿಕೊಂಡಿರುತ್ತದೆ. ಅದರ ಕೆಳಗೆ ಕಲ್ಲಿದೆಯೋ ಚರಂಡಿಯಿದೆಯೋ ಕಾಣುವುದಿಲ್ಲ. ಗಿಡಗಳ ನಡುವೆ ನುಗ್ಗಿದರೆ ನೀರು ಇಂಗಲು ತೆಗೆದ ತೊಟ್ಟಿಲು ಗುಂಡಿಗಳು ಸಿಗುತ್ತವೆ. ಮುಂದಿನ ಚಕ್ರ ಅಲ್ಲಿ ಸಿಕ್ಕಿಕೊಂಡರೆ ಅಥವಾ ಗಾಬರಿಯಲ್ಲಿ ಮುಂದಿನ ಬ್ರೇಕನ್ನು ಪೂರ್ತಿ ಅದುಮಿದರೆ, ಸವಾರ ಹ್ಯಾಂಡಲ್ ದಾಟಿ ಮುಂದಕ್ಕೆ ಹೋಗಿ ಬೀಳುತ್ತಾನೆ. ಈಗಿನ ಡಿಸ್ಕ್ ಬ್ರೇಕ್‌ಗೆ ಒಂದು ಬೆರಳು ಸಾಕು. ಹೊಸಬರು ನಾಲ್ಕೂ ಬೆರಳು ಹಾಕಿ ಹಿಡಿಯುತ್ತಾರೆ. ಎಷ್ಟೋ ಸಲ ಹ್ಯಾಂಡಲ್ ಬಿಟ್ಟು ಕೈ ಊರಲು ಸಮಯವೇ ಇರುವುದಿಲ್ಲ. ಆಗ ಮೊದಲು ನೆಲ ಮುಟ್ಟುವುದು ಗದ್ದ.

ಗದ್ದ ಒಡೆದು ಎರಡು ಹೊಲಿಗೆ ಬಿದ್ದರೆ ಮುಗಿಯಿತು ಎಂದು ಮನೆಯವರು ಸಮಾಧಾನ ಮಾಡಿಕೊಳ್ಳುತ್ತಾರೆ. ಮುಗಿದಿರುವುದಿಲ್ಲ. ಕಿವಿಯ ಮುಂದೆ ಕೆಳದವಡೆಯ ಕೀಲು ಇದೆ. ಅದರ ಬುಡದಲ್ಲಿ ಮೂಳೆ ಸಣ್ಣ. ಗದ್ದಕ್ಕೆ ಬಿದ್ದ ಏಟು ದವಡೆಗುಂಟ ಹೋಗಿ ಅಲ್ಲಿ ಮೂಳೆಯನ್ನು ಮುರಿಯಬಹುದು. ಹೊರಗೆ ನೋಡಿದರೆ ಗದ್ದದ ಗಾಯ ಮಾತ್ರ ಕಾಣುತ್ತದೆ. ಆಮೇಲೆ ಬಾಯಿ ತೆರೆಯಲು ಕಷ್ಟವಾಗುತ್ತದೆ, ಹಲ್ಲು ಸರಿಯಾಗಿ ಕೂರುವುದಿಲ್ಲ, ಕಿವಿ ಹತ್ತಿರ ನೋವು ಎಂದು ಬರುತ್ತಾರೆ. ಮಕ್ಕಳಲ್ಲಿ ಇದು ಇನ್ನೂ ಗಂಭೀರ. ಸರಿಯಾದ ಸಮಯಕ್ಕೆ ಗುರುತಿಸದಿದ್ದರೆ ಕೀಲು ಗಟ್ಟಿಯಾಗಿ ಅಂಟಿಕೊಳ್ಳಬಹುದು. ಆ ಕಡೆಯ ದವಡೆ ಬೆಳೆಯುವುದು ಕುಂಠಿತವಾಗಿ, ಮಗು ದೊಡ್ಡದಾಗುತ್ತಾ ಮುಖ ಒಂದು ಪಕ್ಕಕ್ಕೆ ವಾಲಬಹುದು. ಅಂಥ ಮಗುವಿನ ಅಪ್ಪ ಅಮ್ಮನ ಎದುರು ಕೂತು ಮಾತಾಡುವುದು ನನ್ನ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ್ದು.

(ಮಾತು ಬಂತೆಂದು ಹೇಳುತ್ತೇನೆ. ಶಾಶ್ವತ ಹಲ್ಲು ಪೂರ್ತಿ ಕಿತ್ತು ಬಂದರೆ ಬೇರು ಮುಟ್ಟಬೇಡಿ, ತಿಕ್ಕಬೇಡಿ. ಮೇಲ್ಭಾಗ ಹಿಡಿದು ಹಾಲಿನಲ್ಲಿ ಹಾಕಿ, ಅರ್ಧ ಗಂಟೆಯೊಳಗೆ ಹಲ್ಲಿನ ಡಾಕ್ಟರ್ ಹತ್ತಿರ ತನ್ನಿ. ಮತ್ತೆ ಕೂರಿಸಲು ಆಗುತ್ತದೆ. ಹಾಲುಹಲ್ಲನ್ನು ಮಾತ್ರ ಹಾಗೆ ಕೂರಿಸುವುದಿಲ್ಲ.)

ಮಾಮೂಲಿ ಹೆಲ್ಮೆಟ್ ಬೇಡ ಎಂದು ನಾನು ಹೇಳುತ್ತಿಲ್ಲ. ಅದು ತಲೆ ಕಾಯುತ್ತದೆ, ಹಣೆ ಕೆನ್ನೆಗಳನ್ನೂ ಬಹಳಷ್ಟು ಕಾಯುತ್ತದೆ. ಅಮೆರಿಕದ ಸಿಯಾಟಲ್ ಊರಿನ ಆಸ್ಪತ್ರೆಗಳಿಗೆ ಸೈಕಲ್‌ನಿಂದ ಬಿದ್ದು ಬಂದವರ ಅಧ್ಯಯನವೊಂದು 1996ರಲ್ಲಿ ಪ್ರಕಟವಾಯಿತು. ಹೆಲ್ಮೆಟ್ ಹಾಕಿದ್ದವರಲ್ಲಿ ಮುಖದ ಮೇಲಿನ ಮತ್ತು ನಡುವಿನ ಭಾಗದ ದೊಡ್ಡ ಗಾಯಗಳು ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಕಡಿಮೆ ಇದ್ದವು. ಮುಖದ ಕೆಳಭಾಗಕ್ಕೆ ಮಾತ್ರ ಅಂಥ ರಕ್ಷಣೆ ಕಾಣಲಿಲ್ಲ. ಬಾಯಿಯ ಮುಂದೆ ಏನೂ ಇಲ್ಲದ ಹೆಲ್ಮೆಟ್ ಬಾಯಿಯನ್ನು ಹೇಗೆ ಕಾದೀತು ಅಲ್ವಾ?

ಫುಲ್ ಫೇಸ್ ಹಾಕಿದರೆ ಸೆಕೆ, ಏರು ಹತ್ತುವಾಗ ಉಸಿರು ಕಟ್ಟುತ್ತದೆ ಎನ್ನುತ್ತಾರೆ. ಹಳೆಯ ಡೌನ್‌ಹಿಲ್ ರೇಸ್ ಹೆಲ್ಮೆಟ್‌ಗಳ ವಿಷಯದಲ್ಲಿ ಅದು ನಿಜ. ಈಗ ಬರುವ ಹಗುರ ಫುಲ್ ಫೇಸ್ ಹೆಲ್ಮೆಟ್‌ಗಳು ಮುಕ್ಕಾಲು ಕೆ.ಜಿ. ಆಸುಪಾಸು ಇವೆ, ಗದ್ದದ ಪಟ್ಟಿಯಲ್ಲೂ ಗಾಳಿಗೆ ದೊಡ್ಡ ಕಿಂಡಿಗಳಿರುತ್ತವೆ. ಪಟ್ಟಿಯನ್ನು ಕಳಚಿ ಬ್ಯಾಗಿಗೆ ಹಾಕಿಕೊಳ್ಳುವಂಥವೂ ಸಿಗುತ್ತವೆ. ಹತ್ತುವಾಗ ಕಳಚಿ, ಇಳಿಯುವ ಮೊದಲು ಕೂರಿಸಿದರೆ ಆಯಿತು. ಮೋಟಾರ್ ಬೈಕ್ ಹೆಲ್ಮೆಟ್ಟನ್ನೇ ಹಾಕಿಕೊಂಡು ಪೆಡಲ್ ತುಳಿಯುವವರನ್ನೂ ನೋಡುತ್ತೇನೆ. ಅದು ಬೇಡ. ಭಾರ ಜಾಸ್ತಿ, ಗಾಳಿ ಆಡುವುದಿಲ್ಲ, ಹಿಂದಿನಿಂದ ಜೀಪು ಬಂದರೂ ಸರಿಯಾಗಿ ಕೇಳಿಸುವುದಿಲ್ಲ.

ಕೊಳ್ಳುವಾಗ ಒಳಗಿನ ಚೀಟಿ ಓದಿ. ಮಾಮೂಲಿ ಸೈಕಲ್ ಹೆಲ್ಮೆಟ್‌ಗಳಿಗೆ ಯುರೋಪಿನಲ್ಲಿ ಇರುವ ಇಎನ್ 1078 ಪರೀಕ್ಷೆಯಲ್ಲಿ ಗದ್ದದ ಪಟ್ಟಿಯನ್ನು ಪರೀಕ್ಷಿಸುವುದೇ ಇಲ್ಲ. ಎಎಸ್‌ಟಿಎಂ ಎಫ್1952 ಎಂಬ ಅಮೆರಿಕದ ಪರೀಕ್ಷೆಯ ಹೆಸರಿದ್ದರೆ ಆ ಪಟ್ಟಿಗೂ ಏಟು ಕೊಟ್ಟು, ಎಷ್ಟು ಬಾಗುತ್ತದೆ ಎಂದು ನೋಡಿರುತ್ತಾರೆ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಕೆಲವು ಮಕ್ಕಳ ಹೆಲ್ಮೆಟ್‌ಗಳ ಗದ್ದದ ಪಟ್ಟಿ ಬರೀ ತೆಳು ಪ್ಲಾಸ್ಟಿಕ್. ಕೈಯಲ್ಲಿ ಅದುಮಿದರೇ ಬಾಗುತ್ತದೆ. ಕೆನ್ನೆಗೆ ಒತ್ತುವ ಪ್ಯಾಡ್ ಬಿಗಿಯಾಗಿರಬೇಕು, ತಲೆ ಅಲ್ಲಾಡಿಸಿದಾಗ ಹೆಲ್ಮೆಟ್ ಬೇರೆಯಾಗಿ ಅಲ್ಲಾಡಬಾರದು. ಒಮ್ಮೆ ಜೋರು ಏಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿಯೇ ಕಂಡರೂ ಬದಲಿಸಿ. ಒಳಗಿನ ಥರ್ಮಾಕೋಲ್ ಪದರ ಅಪ್ಪಚ್ಚಿಯಾಗಿರುತ್ತದೆ, ಮತ್ತೆ ಏಟು ತಡೆಯುವುದಿಲ್ಲ. ಇಷ್ಟೆಲ್ಲ ಇದ್ದರೂ ಮಿದುಳಿಗೆ ಆಘಾತವೇ ಆಗುವುದಿಲ್ಲ ಎಂದು ಯಾವ ಹೆಲ್ಮೆಟ್ ಬಗ್ಗೆಯೂ ಹೇಳಲಾಗದು. ಬಿದ್ದವರು ಮಂಕಾಗಿದ್ದರೆ, ವಾಂತಿ ಮಾಡಿದರೆ ನನ್ನ ಹತ್ತಿರ ಅಲ್ಲ, ಸೀದಾ ದೊಡ್ಡ ಆಸ್ಪತ್ರೆಗೆ ಹೋಗಿ.

ಬೆಲೆ ಜಾಸ್ತಿ, ಒಪ್ಪುತ್ತೇನೆ. ಎಲ್ಲರಿಗೂ ಕೈಗೆಟುಕುವುದಿಲ್ಲ. ಅದಕ್ಕೇ ಸೈಕಲ್ ಬಾಡಿಗೆಗೆ ಕೊಡುವ ಹೋಂಸ್ಟೇಯವರನ್ನು ಕೇಳಿಕೊಳ್ಳುತ್ತಿದ್ದೇನೆ. ದುಬಾರಿ ಸೈಕಲ್ ತರಿಸಿ ಸಾಲಾಗಿ ನಿಲ್ಲಿಸಿರುತ್ತೀರಿ, ಪಕ್ಕದಲ್ಲಿ ಇರುವುದು ಬೆಲ್ಟ್ ಸಡಿಲವಾದ ನಾಲ್ಕು ಹಳೆಯ ಹೆಲ್ಮೆಟ್. ಸಣ್ಣದು, ಮಧ್ಯಮ, ದೊಡ್ಡದು ಎಂದು ಮೂರು ಅಳತೆಯಲ್ಲಿ ಫುಲ್ ಫೇಸ್ ಇಡಿ, ಮಕ್ಕಳ ಅಳತೆಯದ್ದು ಬೇರೆ ಇಡಿ. ಒಳಗಿನ ಪ್ಯಾಡ್‌ಗಳು ಕಳಚಿಬರುತ್ತವೆ, ಪ್ರತಿ ಅತಿಥಿ ಹೋದ ಮೇಲೆ ಒಗೆದು ಒಣಗಿಸಿ. ಬಾಡಿಗೆಯಲ್ಲೇ ಅದರ ಖರ್ಚು ಸೇರಿಸಿ, ಬೇಕೋ ಬೇಡವೋ ಎಂದು ಕೇಳದೆ ಸೈಕಲ್ ಜೊತೆಗೇ ಕೈಗೆ ಕೊಡಿ.

— ಒಬ್ಬ ದಂತವೈದ್ಯೆ, ಚಿಕ್ಕಮಗಳೂರು