ಪೂರ್ಣಾವಧಿ ಕೆಲಸಕ್ಕೆ ಅರ್ಧ ದಿನ ಕೇಳುವವರಿಗೆ

ಸಂಪಾದಕರಿಗೆ ನಮಸ್ಕಾರ.

ಕಾರವಾರ, ಕುಮಟಾ, ಶಿರಸಿಯ ಕೆಲಸದ ಜಾಹೀರಾತುಗಳಲ್ಲಿ 'ಪೂರ್ಣಾವಧಿ' ಎಂದು ಕಂಡೊಡನೆ ಎಷ್ಟೋ ಜನ, ಅದರಲ್ಲೂ ಚಿಕ್ಕ ಮಕ್ಕಳ ತಾಯಂದಿರು, ಅರ್ಜಿಯನ್ನೇ ಹಾಕುವುದಿಲ್ಲ. ಸರ್ಕಾರಿ, ಬ್ಯಾಂಕ್ ನೇಮಕಾತಿಯಲ್ಲಿ ಕೇಳಿ ಪ್ರಯೋಜನವಿಲ್ಲ, ನಿಜ. ಆದರೆ ಲೆಕ್ಕಪತ್ರದ ಕಚೇರಿ, ಕ್ಲಿನಿಕ್, ಹೋಮ್‌ಸ್ಟೇ, ಖಾಸಗಿ ಶಾಲೆಗಳಲ್ಲಿ ಸಮಯದ ಬಗ್ಗೆ ಮಾತಾಡಲು ಜಾಗವಿದೆ.

ಕಡಿಮೆ ಅಥವಾ ಬೇರೆ ಸಮಯ ಬೇಕೆಂದು ಅರ್ಜಿಯ ಮೊದಲ ಸಾಲಲ್ಲೇ ಬರೆದರೆ ಅದನ್ನು ಪಕ್ಕಕ್ಕಿಡುತ್ತಾರೆ. ಸೇರುವ ದಿನ ಹೇಳಿದರೆ ಮೋಸ ಎನಿಸುತ್ತದೆ. ಮೊದಲ ಸಂದರ್ಶನ ಮುಗಿದು, ಸಂಬಳದ ಮಾತು ಶುರುವಾಗುವ ಮುನ್ನ ಹೇಳಬೇಕು. ಅರ್ಧ ದಿನಕ್ಕಿಂತ ಹೆಚ್ಚು ಸಾಧ್ಯವೇ ಇಲ್ಲವೆಂದಾದರೆ ಮಾತ್ರ ಮೊದಲೇ ಫೋನ್ ಮಾಡಿ ತಿಳಿಸಿ. ಶಿರಸಿಯಿಂದ ಕಾರವಾರಕ್ಕೆ ಬಸ್ಸು ಹತ್ತಿ ಬಂದು ಇಬ್ಬರ ದಿನವೂ ಹಾಳಾಗುವುದು ಬೇಡ.

'ಸ್ವಲ್ಪ ಅಡ್ಜಸ್ಟ್ ಮಾಡಿ' ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಗಂಟೆಗಳು ಕಡಿಮೆಯಾಗಬೇಕೋ, ಅಷ್ಟೇ ಗಂಟೆ ಬೇರೆ ಹೊತ್ತಿಗೆ ಬೇಕೋ ಎಂದು ಮೊದಲು ನೀವೇ ನಿರ್ಧರಿಸಿ. 'ಸೋಮವಾರದಿಂದ ಶನಿವಾರ, 9.30ರಿಂದ 1.30, ವಾರಕ್ಕೆ 24 ಗಂಟೆ' ಎನ್ನಿ. ಮಾಲೀಕರ ಚಿಂತೆಯೆಲ್ಲ ಸಂಜೆ ಕೌಂಟರಿನಲ್ಲಿ ಯಾರು, ಕೆಲಸ ಹೆಚ್ಚಿದ ದಿನ ಏನು ಗತಿ ಎಂಬುದು. ತಿಂಗಳ ಜಿಎಸ್‌ಟಿ ರಿಟರ್ನ್‌ಗಳ ಗಡುವು 11 ಮತ್ತು 20ನೇ ತಾರೀಕು. ಅದರ ಹಿಂದಿನ ಎರಡು ಮೂರು ದಿನ ಪೂರ್ತಿ ಕೂರುತ್ತೇನೆಂದು ಅಕೌಂಟೆಂಟ್ ತಾವಾಗಿ ಹೇಳಿದರೆ ಅರ್ಧ ಒಪ್ಪಿಗೆ ಅಲ್ಲೇ ಸಿಕ್ಕಿತು. ಅಡಿಕೆ ಕೊಯ್ಲಿನ ತಿಂಗಳುಗಳಿಗಷ್ಟೇ ಹೊತ್ತು ಬದಲಿಸಿ ಕೇಳುವುದಾದರೆ ಶಿರಸಿಯವರಿಗೆ ಕಾರಣ ಹೇಳಬೇಕಿಲ್ಲ. ಹೊರ ರಾಜ್ಯದ ಮ್ಯಾನೇಜರ್‌ಗೆ ತಾರೀಕು ಕೊಡಿ, ಕೊಯ್ಲಿನ ಕಥೆ ಬೇಡ.

ಸಂಬಳವನ್ನು ಗಂಟೆಯ ಲೆಕ್ಕದಲ್ಲೇ ಕೇಳಿ. ವಾರಕ್ಕೆ 48 ಗಂಟೆಯ ಕೆಲಸಕ್ಕೆ ತಿಂಗಳಿಗೆ 18,000 ರೂಪಾಯಿ ಎಂದಿದ್ದರೆ 30 ಗಂಟೆಗೆ 11,250. ಹೆಚ್ಚು ಜನ ಎಡವುವುದು ಇಲ್ಲೇ: ಸಂಬಳ ಕಡಿಮೆಯಾಗುತ್ತದೆ, ಕೆಲಸ ಅಷ್ಟೇ ಉಳಿಯುತ್ತದೆ. ಯಾವ ಕೆಲಸ ನಿಮ್ಮದಲ್ಲ ಎಂಬುದನ್ನೂ ಆಗಲೇ ಇತ್ಯರ್ಥ ಮಾಡಿಕೊಳ್ಳಿ.

ಅರೆಕಾಲಿಕರಿಗೆ ಪಿಎಫ್ ಇಲ್ಲ ಎಂಬ ಮಾತು ಸುಳ್ಳು. 20 ಅಥವಾ ಹೆಚ್ಚು ಜನರಿರುವ ಸಂಸ್ಥೆಯಲ್ಲಿ ಅವರೂ ಅದರ ವ್ಯಾಪ್ತಿಗೆ ಬರುತ್ತಾರೆ. ಇಎಸ್‌ಐ (ನೌಕರರ ರಾಜ್ಯ ವಿಮೆ) ಇರುವಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕಾಯಿಲೆ ಭತ್ಯೆ ಸಿಗಲು ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನಗಳ ವಂತಿಗೆ ಬೇಕು. ವಾರಕ್ಕೆ ಮೂರು ಪೂರ್ಣ ದಿನ ದುಡಿದು ಆ ದಿನಗಳಿಗಷ್ಟೇ ಸಂಬಳ ಪಡೆಯುವವರಿಗೆ 26 ವಾರಕ್ಕೆ ಸರಿಯಾಗಿ 78 ಆಗುತ್ತದೆ. ಒಂದು ದಿನ ತಪ್ಪಿದರೂ ಭತ್ಯೆ ಹೋಯಿತು. ಅದೇ 24 ಗಂಟೆಯನ್ನು ಆರು ಅರ್ಧ ದಿನಗಳಿಗೆ ಹಂಚಿಕೊಂಡರೆ ಈ ಭಯವಿಲ್ಲ.

ಬರುವ ಹೋಗುವ ಸಮಯ, ವಾರದ ರಜೆ, ಸಂಬಳ ಎಲ್ಲವೂ ನೇಮಕಾತಿ ಪತ್ರದಲ್ಲಿರಬೇಕು. ಒಪ್ಪಿಕೊಂಡ ಮ್ಯಾನೇಜರ್ ವರ್ಗವಾಗಿ ಹೋದ ಮೇಲೆ ಬಾಯಿಮಾತನ್ನು ಕೇಳುವವರಿಲ್ಲ. ಮಳೆಗಾಲದಲ್ಲಿ ದೇವಿಮನೆ ಘಟ್ಟ ಕುಸಿದು ದಾರಿ ಮುಚ್ಚಿದ ದಿನ ಮನೆಯಿಂದಲೇ ಕೆಲಸವೋ, ರಜೆಯೋ, ಸಂಬಳ ಕಡಿತವೋ ಎಂಬುದನ್ನೂ ಅದರಲ್ಲೇ ಬರೆಸಿಕೊಳ್ಳಿ.

– ಓದುಗರು, ಕುಮಟಾ